ಹಲಗೆಯ ಬೆನ್ನು

ದಾವಣಗೆರೆಯ ಮಂಡಿಪೇಟೆ, ಕಣಕುಪ್ಪಿ ಮುರಿಗೆಪ್ಪನವರ ಅಂಗಡಿ.
ಮುಂದೆ ಏಳು ಪರದೆ, ಹಿಂದಿನ ಕೋಣೆಯಲ್ಲಿ ಒಂದೇ ಯಂತ್ರ.
ಮೆಕ್ಕೆಜೋಳದ ಸುಗ್ಗಿ.
ಒಂದೊಂದು ಚೀಟಿಗೂ ಏಳು ಪ್ರೋಗ್ರಾಮುಗಳು
ಎದ್ದು ಹೋಗಿ ಡಿಸ್ಕಿನ ಕದ ತಟ್ಟುತ್ತಿದ್ದವು:
ಇವತ್ತಿನ ದರ ಎಷ್ಟು?
ಅದು ತಿರುಗಿ, ತಡಕಾಡಿ, ಹೇಳುತ್ತಿತ್ತು.
ಮರುಚೀಟಿಗೆ ಅದೇ ಪ್ರಶ್ನೆ, ಅದೇ ಉತ್ತರ,
ನಡುವೆ ಹನ್ನೊಂದು ಸೆಕೆಂಡು.
ಹನ್ನೊಂದು ಸೆಕೆಂಡು ಏನೂ ಅಲ್ಲ,
ಬೆನ್ನ ಮೇಲೆ ಚೀಲ ಇಲ್ಲದವರಿಗೆ.

ರಾತ್ರಿ ಕೂತು ಬರೆದೆ.
ಮೆಮೊರಿಯಲ್ಲಿ ಅಂಗೈಯಗಲ ಜಾಗ,
ಬೆಳಿಗ್ಗೆ ಒಮ್ಮೆ ದರಪಟ್ಟಿ ತಂದು ಅಲ್ಲಿಡುವುದು,
ಏಳೂ ಅಲ್ಲೇ ನೋಡುವುದು.
ಬಸ್‌ಸ್ಟ್ಯಾಂಡಿನ ಗಡಿಯಾರ
ಎಷ್ಟು ಜನ ನೋಡಿದರೂ ಸವೆಯುತ್ತದೆಯೆ?

ಮಾತು ಮುಗಿಯುವ ಮೊದಲೇ ಚೀಟಿ ಹೊರಬಿತ್ತು.
ಇಷ್ಟು ಬೇಗ ಬಂದದ್ದು ಸರಿ ಇದ್ದೀತೆ ಎಂದು
ಮುರಿಗೆಪ್ಪನವರು ಕ್ಯಾಲ್ಕುಲೇಟರು ಒತ್ತಿ ನೋಡಿದರು,
ಮೂರು ಸಲ.

ನಾಲ್ಕನೆಯ ದಿನ, ಹನ್ನೊಂದೂವರೆಗೆ,
ದರ ಒಂದೇ ಒಂದು ರೂಪಾಯಿ ಏರಿತು.
2199 ಇದ್ದದ್ದು 2200.
ಬರೆಯುವ ಪ್ರೋಗ್ರಾಮು ನೂರರ ಮನೆ ತಿದ್ದಿ
ಹತ್ತರ ಮನೆಗೆ ಕೈ ಹಾಕುವಷ್ಟರಲ್ಲಿ
ಐದನೆಯ ಪರದೆ ಇಣುಕಿತು.
ಚೀಟಿಯಲ್ಲಿ ಬಿದ್ದದ್ದು 2299.
ಹಳೆಯದಲ್ಲ, ಹೊಸದಲ್ಲ,
ಯಾವ ಪೇಟೆಯಲ್ಲೂ ಯಾರೂ ಕೂಗದ ದರ.

ಮೊದಲು ಕಂಡವನು ಹಮಾಲಿ ದಾದಾಪೀರ.
ಚೀಲ ಇಳಿಸದೆಯೇ ಚೀಟಿ ಓದಿ ಹೇಳಿದ:
"ಮೇಡಂ, ಯಾರೋ ಅರ್ಧ ಒರೆಸ್ಯಾರ ನೋಡ್ರಿ."

ಬೀಗ ಹಾಕಿದೆ.
ಬರೆಯುವಾಗ ಯಾರೂ ನೋಡಬಾರದು,
ನೋಡುವಾಗ ಯಾರೂ ಬರೆಯಬಾರದು.
ತಪ್ಪು ನಿಂತಿತು. ಸಾಲೂ ನಿಂತಿತು,
ಊರ ನಡುವಿನ ರೈಲ್ವೆ ಗೇಟು ಬಿದ್ದಾಗ
ಆಟೋ, ಲಾರಿ, ಹಾಲಿನ ಕ್ಯಾನು, ಮದುವೆ ಗಂಡು
ಎಲ್ಲರೂ ಒಂದೇ ಕಡೆ ಕತ್ತು ಚಾಚಿ ನಿಂತ ಹಾಗೆ.

ನಾಲ್ಕು ಗಂಟೆಯ ಚಹಾಕ್ಕೆಂದೇ ಬರುವ
ಹಳೆ ಗುಮಾಸ್ತ ಕೊಟ್ರಬಸಪ್ಪ
ನನ್ನ ಮುಖ ನೋಡಿ ಏನಾತು ಅಂದರು. ಹೇಳಿದೆ.
ಅರ್ಧ ಲೋಟ ಅಲ್ಲೇ ಇಟ್ಟು ಗೋದಾಮಿಗೆ ಕರೆದೊಯ್ದರು.
ಗೋಣಿಗಳ ಹಿಂದೆ, ತೊಲೆಯಿಂದ ಎರಡು ಹಗ್ಗಕ್ಕೆ ಜೋತ
ಕರಿಹಲಗೆ. ಎರಡೂ ಕಡೆ ಕಪ್ಪು.

"ಮುಂದಿಂದು ಜನ ನೋಡ್ತಿರೋರು.
ನಾವು ಬೆನ್ನಿಗೆ ಬರಿಯೋದು, ತಾಯಿ.
ಬರೆದು ಮುಗಿದ ಮ್ಯಾಲೆ ಗಕ್ಕನೆ ತಿರುವೋದು.
ತಿರುವಾಕ ಎಷ್ಟೊತ್ತು?"

ಅಷ್ಟೆ? ಅಂದೆ.
ಕಣ್ಣು ಕಿರಿದು ಮಾಡಿದರು.
"ತಿರುವಿದ ಕೂಡ್ಲೆ ಹಳೇದು ಒರೆಸಬ್ಯಾಡ.
ಅರ್ಧ ಬರಕೊಂಡಾವ ಒಬ್ಬ ಇದ್ದೇ ಇರ್ತಾನ,
ಸುತ್ತು ಹಾಕ್ಕೊಂಡು ಹಿಂದ್ ಬಂದು ನೋಡ್ತಾನ.
ಅವನು ಹೋಗಲಿ, ಆಮ್ಯಾಲೆ."

ಅವತ್ತು ರಾತ್ರಿ ಬೀಗ ತೆಗೆದೆ.
ಎರಡು ಹಲಗೆ, ಯಾವುದು ಮುಂದೆ ಎಂದು ತೋರುವ ಒಂದು ಬೆರಳು.
ಬೆರಳು ತಿರುಗುವುದು ಒಮ್ಮೆಗೇ, ಅರ್ಧ ತಿರುಗುವುದಿಲ್ಲ.
ನಂತರ ಸ್ವಲ್ಪ ಕಾಯುವುದು,
ಕೊನೆಯವನು ಬರೆದುಕೊಂಡು ಹೋಗುವ ತನಕ.
ಹೊಸದಾಗಿ ಸೇರಿಸಿದ್ದು ಹದಿನೆಂಟು ಸಾಲು.
ದಾದಾಪೀರ ಈಗ ಮೇಜಿನ ಮುಂದೆ ನಿಲ್ಲುವುದಿಲ್ಲ,
ನಡೆಯುತ್ತಲೇ ಚೀಟಿ ಕಿತ್ತುಕೊಂಡು ಹೋಗುತ್ತಾನೆ.

ಮೊನ್ನೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು.
ಎರಡು ಹಲಗೆಯೂ ಒಂದೇ ಉಸಿರಿಗೆ ಖಾಲಿ.
ಡಿಸ್ಕಿನಲ್ಲಿ ಎಲ್ಲ ಇತ್ತು, ಹೆದರಿಕೆಯಿಲ್ಲ.
ಜನರೇಟರು ಕೆಮ್ಮುವ ತನಕ ಸುಮ್ಮನೆ ಟಾರ್ಚು ಹಿಡಿದು
ಗೋದಾಮಿಗೆ ಹೋದೆ, ಹಗ್ಗ ಹಿಡಿದು ಹಲಗೆ ತಿರುಗಿಸಿದೆ.

ಬೆನ್ನಿಗೆ ಸುಣ್ಣದ ಕಡ್ಡಿಯ ದುಂಡನೆ ಅಕ್ಷರ:
ಹತ್ತಿ.
ಎದುರಿಗೆ ಎರಡೇ ಅಂಕಿ, ೩ ಮತ್ತು ೧.
ಆಮೇಲೆ ಕಡ್ಡಿ ಮುರಿದ ಗುರುತು.
ಬರೆಯುತ್ತಿದ್ದವರನ್ನು ಯಾರೋ ಕರೆದಿರಬೇಕು.
ಪೇಟೆ ಇನ್ನೂ ಅದನ್ನು ನೋಡಿಲ್ಲ.